ಮೊಲದ ಮರಿಗಳಿಗೆ ಹಾಲು ಬಿಡಿಸಿ ಮೇವು ರೂಢಿಸುವ ಕ್ರಮ

ಮನೆಯ ಹಿತ್ತಿಲಲ್ಲಿ ಹತ್ತಾರು ಮೊಲಗಳನ್ನು ಸಾಕಿ ಸ್ವಲ್ಪ ಆದಾಯವನ್ನು ಪಡೆಯುವ ಪ್ರಯತ್ನವು ನಮ್ಮ ಗ್ರಾಮಗಳಲ್ಲಿ ಅಲ್ಲಲ್ಲಿ ನಡೆಯುತ್ತಿರುವುದಷ್ಟೆ. ಮೊಲಕ್ಕೆ ಬೇಕಾದ ಸ್ಥಳವು ಅಲ್ಪ; ಅದರ ಮೇವು ಹೊಲದ ಬದುಗಳಲ್ಲಿಯೂ ತೋಟದ ಅಂಚಿನಲ್ಲಿಯೂ ದೊರೆಯುವುದು; ಗರ್ಭವಾದ ೩೦ರಿಂದ ೩೨ ದಿನಗಳಲ್ಲಿ ಒಂದು ಸೂಲಿಗೆ ಸಾಮಾನ್ಯವಾಗಿ ಆರೇಳು ಮರಿಗಳು ಹುಟ್ಟುವುವು. ಇಷ್ಟು ಅನುಕೂಲಗಳಿದ್ದಾಗ್ಗೂ ಈ ಕಸುಬನ್ನು ಕೈಕೊಂಡು ನಷ್ಟಪಟ್ಟು ಬಿಟ್ಟವರು ಇಲ್ಲದಿಲ್ಲ. ಅಂಥವರ ದೂರು ಬಹುಮಟ್ಟಿಗೆ ಒಂದೇ ಬಗೆಯದು: ಮರಿಗಳು ಒಂದು ತಿಂಗಳವರೆಗೆ ಪುಷ್ಟವಾಗಿ ಬೆಳೆದುವು; ತಾಯಿಯಿಂದ ಬೇರ್ಪಡಿಸಿದ ಎರಡು ಮೂರು ವಾರಗಳೊಳಗೆ ಹೊಟ್ಟೆಯುಬ್ಬಿ, ಭೇದಿಯಾಗಿ, ಒಂದರ ಹಿಂದೆ ಒಂದು ಸತ್ತುವು.

ಈ ನಷ್ಟವು ದೈವಯೋಗವೆಂದು ಸುಮ್ಮನಿರತಕ್ಕದ್ದಲ್ಲ. ಐದನೆಯ ವಾರದಿಂದ ಎಂಟನೆಯ ವಾರದವರೆಗೆ ಸಾಯುವ ಮರಿಗಳಲ್ಲಿ ಹೆಚ್ಚಿನವು ಮೇವಿಲ್ಲದೆ ಸಾಯುವುದಿಲ್ಲ; ಹೊಟ್ಟೆಯು ಸಿದ್ಧವಾಗುವುದಕ್ಕೆ ಮುಂಚೆ ದೊರೆತ ಮೇವಿನಿಂದ, ಅಥವಾ ಒಮ್ಮೆಗೇ ಬದಲಾದ ಮೇವಿನಿಂದ ಸಾಯುವುವು. ಯಜಮಾನನು ಪ್ರೀತಿಯಿಂದ ಹಾಕಿದ ಒಂದು ಹಿಡಿ ಕಾಳೇ ಎಷ್ಟೋ ವೇಳೆ ಕಾರಣವಾಗಿರುವುದು. ಆದಕಾರಣ ಮರಿಗಳಿಗೆ ಮೇವನ್ನು ಯಾವಾಗ, ಯಾವ ಕ್ರಮದಿಂದ ರೂಢಿಸಬೇಕೆಂಬುದನ್ನೂ, ಆ ಕ್ರಮಕ್ಕೆ ಆಧಾರವೇನೆಂಬುದನ್ನೂ ಇಲ್ಲಿ ವಿವರಿಸಲಾಗಿದೆ.

ಸಾಕುಮೊಲವೂ ಕಾಡುಮೊಲವೂ

ಮೊದಲು ಒಂದು ಭೇದವನ್ನು ತಿಳಿದಿರುವುದು ಅವಶ್ಯಕ. ನಮ್ಮ ಹೊಲಗಳಲ್ಲಿಯೂ ಕುರುಚಲು ಕಾಡುಗಳಲ್ಲಿಯೂ ಕಾಣುವ ಮೊಲವೂ, ಗೂಡಿನಲ್ಲಿ ಸಾಕುವ ಮೊಲವೂ ಕನ್ನಡದಲ್ಲಿ ಒಂದೇ ಹೆಸರುಳ್ಳವಾದರೂ ಬೇರೆ ಬೇರೆ ಜಾತಿಯವು. ಕಾಡುಮೊಲದ ಮರಿಯು ಮೈಮೇಲೆ ಕೂದಲಿದ್ದು, ಕಣ್ಣು ತೆರೆದೇ ಹುಟ್ಟುವುದು. ಸಾಕುಮೊಲದ ಮರಿಯಾದರೋ ಕೂದಲಿಲ್ಲದೆ, ಕಣ್ಣು ಮುಚ್ಚಿಕೊಂಡು ಹುಟ್ಟುವುದು. ಸಾಕುಮೊಲದ ಮೂಲಸ್ಥಾನವು ಯೂರೋಪಿನ ಸ್ಪೇಯಿನ್, ಪೋರ್ಚುಗಲ್ ಮತ್ತು ಅವುಗಳಿಗೆ ಸೇರಿದಂತಿರುವ ದಕ್ಷಿಣ ಫ್ರಾನ್ಸ್ ಪ್ರಾಂತ. ನ್ಯೂಜಿಲೆಂಡ್ ವೈಟ್, ಸೋವಿಯತ್ ಚಿಂಚಿಲ್ಲಾ, ವೈಟ್ ಜೈಂಟ್, ಗ್ರೇ ಜೈಂಟ್, ಉಣ್ಣೆಗಾಗಿ ಸಾಕುವ ಅಂಗೋರಾ ಮುಂತಾದ ತಳಿಗಳೆಲ್ಲವೂ ಆ ಒಂದೇ ಜಾತಿಯಿಂದ ಬಂದವುಗಳು. ಇಲ್ಲಿ ಹೇಳುವುದೆಲ್ಲವೂ ಈ ಸಾಕುಮೊಲಗಳಿಗೆ ಮಾತ್ರವೇ ಅನ್ವಯಿಸುವುದು. ಕಾಡುಮೊಲವನ್ನು ಹಿಡಿಯುವುದು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ನಿಷಿದ್ಧವಾಗಿದೆಯೆಂಬುದನ್ನು ಗ್ರಾಮದ ಮುಖಂಡರು ಎಲ್ಲರಿಗೂ ತಿಳಿಸಿರುವುದು ಒಳ್ಳೆಯದು. ಹೊಲದಲ್ಲಿ ಒಂಟಿಯಾಗಿ ಕುಳಿತ ಮರಿಯು ತಬ್ಬಲಿಯಲ್ಲ. ತಾಯಿಯು ದೂರವಿದ್ದು ಕತ್ತಲಾದ ಮೇಲೆ ಬಂದು ಹಾಲೂಡುವುದು. ಅದನ್ನು ಇದ್ದಲ್ಲಿಯೇ ಬಿಡತಕ್ಕದ್ದು.

ಮೊದಲ ಮೂರು ವಾರಗಳು

ಸಾಕುಮೊಲವು ತನ್ನ ಮೈಯ ತುಪ್ಪಳವನ್ನು ಕಿತ್ತು ಹಾಸಿ ಮರಿಪೆಟ್ಟಿಗೆಯಲ್ಲಿ ಈಯುವುದು. ಹುಟ್ಟಿದ ಮರಿಯ ತೂಕವು ಸುಮಾರು ೪೦ರಿಂದ ೬೦ ಗ್ರಾಂ. ಹತ್ತು ಹನ್ನೆರಡು ದಿನಗಳಲ್ಲಿ ಕಣ್ಣು ತೆರೆಯುವುವು. ತಾಯಿಯು ದಿನಕ್ಕೆ ಸಾಮಾನ್ಯವಾಗಿ ಒಂದೇ ಸಾರಿ, ಅದೂ ಮೂರರಿಂದ ಐದು ನಿಮಿಷಗಳ ಕಾಲ ಮಾತ್ರ, ಹಾಲುಕೊಟ್ಟು ಹೊರಕ್ಕೆ ಬಂದುಬಿಡುವುದು. ಇದನ್ನರಿಯದವರು ತಾಯಿಯು ಮರಿಗಳನ್ನು ತೊರೆದಿದೆಯೆಂದು ತಿಳಿದು ಹಸುವಿನ ಹಾಲನ್ನು ಹನಿಸಲು ತೊಡಗುವುದುಂಟು. ಅದು ಸಲ್ಲದು. ಬೆಳಗ್ಗೆ ಪೆಟ್ಟಿಗೆಯನ್ನು ನೋಡಿದಾಗ ಮರಿಗಳ ಹೊಟ್ಟೆ ತುಂಬಿ ದುಂಡಗಿದ್ದು, ಅವು ಒಂದರೊಡನೊಂದು ಸೇರಿ ಸದ್ದಿಲ್ಲದೆ ಮಲಗಿದ್ದರೆ, ಹಾಲು ದೊರೆತಿದೆಯೆಂದು ನಿಶ್ಚಯಿಸಬಹುದು. ಹೊಟ್ಟೆ ಒಳಸೇರಿ ಚರ್ಮವು ಸುಕ್ಕುಗಟ್ಟಿ, ಮರಿಗಳು ಚದರಿ ಹೊರಳಾಡುತ್ತಿದ್ದರೆ ಮಾತ್ರ ಹಾಲಿನ ಕೊರತೆಯುಂಟೆಂದು ತಿಳಿಯಬೇಕು.

ಮೊಲದ ಹಾಲು ಹಸುವಿನ ಹಾಲಿಗಿಂತ ಬಹಳ ಗಟ್ಟಿ. ಹಸುವಿನ ಹಾಲಿನಲ್ಲಿ ನೂರಕ್ಕೆ ನಾಲ್ಕರಷ್ಟು ಜಿಡ್ಡಿದ್ದರೆ, ಮೊಲದ ಹಾಲಿನಲ್ಲಿ ಹನ್ನೆರಡರಷ್ಟಿರುವುದು. ಸಸಾರಜನಕ ಪದಾರ್ಥವೂ ಮೂರು ಪಾಲಿನಷ್ಟು ಹೆಚ್ಚು. ಸಕ್ಕರೆಯ ಅಂಶವು ಮಾತ್ರ ಅತ್ಯಲ್ಪ. ಇದಲ್ಲದೆ ಆ ಜಿಡ್ಡಿನಲ್ಲಿ ಹಾನಿಕಾರಕವಾದ ಸೂಕ್ಷ್ಮಜೀವಿಗಳ ವೃದ್ಧಿಯನ್ನು ತಡೆಯತಕ್ಕ ಕೆಲವು ಆಮ್ಲಗಳಿರುವುವು. ಆದುದರಿಂದ ತಾಯಿಯ ಹಾಲನ್ನು ಕುಡಿಯುವವರೆಗೂ ಮರಿಗೆ ಪುಷ್ಟಿಯ ಜೊತೆಗೆ ರಕ್ಷಣೆಯೂ ದೊರೆಯುತ್ತಿರುವುದು. ಈದ ಮೂರು ವಾರಗಳ ಹೊತ್ತಿಗೆ ತಾಯಿಯ ಹಾಲು ತನ್ನ ಗರಿಷ್ಠ ಪ್ರಮಾಣವನ್ನು ಮುಟ್ಟಿ, ತರುವಾಯ ಇಳಿಮುಖವಾಗುವುದು. ಅಷ್ಟರೊಳಗೆ ತಾಯಿಯು ಪುನಃ ಗರ್ಭವಾಗಿದ್ದರೆ ಹಾಲು ಇನ್ನೂ ಬೇಗನೆ ಬತ್ತುವುದು. ಮರಿಗಳು ಘನಾಹಾರವನ್ನು ಹುಡುಕಲು ತೊಡಗುವುದೂ ಇದೇ ಕಾಲದಲ್ಲಿ.

ಹೊಟ್ಟೆಯೊಳಗೆ ಆಗುವ ಮಾರ್ಪಾಡು

ಮೊಲವು ದನದಂತೆ ಮೆಲುಕುಹಾಕುವ ಪ್ರಾಣಿಯಲ್ಲ. ದನಕ್ಕೆ ಮುಂದಿನ ಹೊಟ್ಟೆಯಲ್ಲಿ ನಡೆಯುವ ಹುಳಿಯುವಿಕೆಯು ಮೊಲಕ್ಕೆ ಹಿಂದಿನ ಕರುಳಿನಲ್ಲಿ, ಅಂದರೆ ಕುರುಡುಕರುಳೆಂಬ ದೊಡ್ಡ ಚೀಲದಲ್ಲಿ, ನಡೆಯುವುದು. ಅಲ್ಲಿ ನೆಲೆಸಿರುವ ಕೋಟ್ಯಂತರ ಸೂಕ್ಷ್ಮಜೀವಿಗಳು ಮೇವಿನ ಅಂಶಗಳನ್ನು ಕರಗಿಸಿ ಪೌಷ್ಟಿಕ ಪದಾರ್ಥಗಳನ್ನಾಗಿ ಮಾಡುವುವು. ಅವುಗಳಿಂದ ತುಂಬಿದ ಮೆತ್ತನೆಯ ಹಿಕ್ಕೆಯನ್ನು ಮೊಲವು ತನ್ನ ಬಾಯಿಂದಲೇ ತೆಗೆದುಕೊಂಡು ಪುನಃ ನುಂಗುವುದು. ಇದನ್ನು ಕಂಡು ರೋಗವೆಂದು ಭಾವಿಸಲಾಗದು, ತಡೆಯಲೂ ಕೂಡದು. ಇದು ಮೊಲದ ಆರೋಗ್ಯದ ಲಕ್ಷಣವೇ ಆಗಿದೆ. ಮರಿಗಳಲ್ಲಿ ಈ ಅಭ್ಯಾಸವು ಮೂರು ವಾರಗಳು ತುಂಬಿ, ಘನಾಹಾರವು ಹೊಟ್ಟೆಗೆ ಬೀಳಲು ತೊಡಗಿದ ಮೇಲೆ ಪ್ರಾರಂಭವಾಗುವುದು.

ಹಾಲಿನಿಂದ ಮೇವಿಗೆ ತಿರುಗುವ ಈ ಸಂಧಿಕಾಲದಲ್ಲಿ ಮೂರು ಮಾರ್ಪಾಡುಗಳು ಒಟ್ಟಿಗೆ ನಡೆಯಬೇಕಾಗಿದೆ. ಮೊದಲನೆಯದು, ಜಠರದ ಹುಳಿ. ಬೆಳೆದ ಮೊಲದ ಜಠರದಲ್ಲಿ ತೀಕ್ಷ್ಣವಾದ ಹುಳಿಯಿದ್ದು, ಮೇವಿನೊಡನೆ ಬಂದ ಸೂಕ್ಷ್ಮಜೀವಿಗಳಲ್ಲಿ ಬಹುಭಾಗವನ್ನು ಅದು ಕೊಲ್ಲುವುದು. ಹಾಲು ಕುಡಿಯುವ ಮರಿಯಲ್ಲಿ ಈ ಹುಳಿಯು ಬಹಳ ಮಂದ. ಎರಡನೆಯದು, ಪಿಷ್ಟವನ್ನು ಅರಗಿಸುವ ಜೀರ್ಣರಸ. ಇದು ಎಳೆಯ ಮರಿಯಲ್ಲಿ ಸಾಕಷ್ಟಿರದೆ, ವಾರದಿಂದ ವಾರಕ್ಕೆ ಹೆಚ್ಚುತ್ತ ಹೋಗುವುದು. ಮೂರನೆಯದು, ಕುರುಡುಕರುಳಿನಲ್ಲಿ ಹಿತಕರವಾದ ಸೂಕ್ಷ್ಮಜೀವಿಗಳು ನೆಲೆಗೊಳ್ಳುವುದು.

ಈ ಮೂರೂ ಪೂರ್ಣವಾಗುವ ಮುಂಚೆ ಮರಿಗೆ ಜೋಳ, ಮುಸುಕಿನ ಜೋಳ, ಅಕ್ಕಿ, ಬ್ರೆಡ್ಡು ಮುಂತಾದ ಪಿಷ್ಟಪ್ರಧಾನವಾದ ಪದಾರ್ಥಗಳನ್ನು ಯಥೇಚ್ಛವಾಗಿ ಹಾಕಿದರೆ, ಅರಗದೆ ಉಳಿದ ಪಿಷ್ಟವು ಕುರುಡುಕರುಳನ್ನು ಸೇರುವುದು. ಅಲ್ಲಿ ಅದು ವಿಷವನ್ನುಂಟುಮಾಡುವ ಸೂಕ್ಷ್ಮಜೀವಿಗಳಿಗೆ ಆಹಾರವಾಗಿ, ಒಂದೆರಡು ದಿನಗಳಲ್ಲಿಯೇ ಭೇದಿಯೂ ಮರಣವೂ ಸಂಭವಿಸಬಹುದು. ಮೊಲಕ್ಕೆ ವಾಂತಿಮಾಡುವ ಶಕ್ತಿಯಿಲ್ಲವೆಂಬುದನ್ನೂ ನೆನಪಿನಲ್ಲಿಡಬೇಕು. ಒಮ್ಮೆ ನುಂಗಿದುದು ಕರುಳಿನ ಮಾರ್ಗವಾಗಿಯೇ ಹೊರಬೀಳಬೇಕು. ಕರುಳನ್ನು ಚಲಿಸುವಂತೆ ಮಾಡತಕ್ಕದ್ದು ಮೇವಿನ ನಾರು. ಬೆಳೆಯುವ ಮರಿಗಳಿಗೆ ನಾರುಳ್ಳ ಒಣಹುಲ್ಲು ಅತ್ಯವಶ್ಯವೆಂದು ಹೇಳುವುದಕ್ಕೆ ಇದೇ ಕಾರಣ. ಜೀವಮಾನವಿಡೀ ಬೆಳೆಯುತ್ತಲೇ ಇರುವ ಹಲ್ಲುಗಳನ್ನು ಸವೆಯಿಸುವುದಕ್ಕೂ ಹುಲ್ಲು ಬೇಕು.

ದಿನಮಾನದ ಕ್ರಮ

ಹುಟ್ಟಿದಂದಿನಿಂದ ೧೫ನೆಯ ದಿನದವರೆಗೆ ಮರಿಗಳಿಗೆ ತಾಯಿಯ ಹಾಲಲ್ಲದೆ ಬೇರೇನೂ ಬೇಡ. ಈ ಕಾಲದಲ್ಲಿ ತಾಯಿಯು ಪೆಟ್ಟಿಗೆಯೊಳಗೆ ಕೆಲವು ಹಿಕ್ಕೆಗಳನ್ನು ಬಿಡುವುದುಂಟು. ಮರಿಗಳು ಅವನ್ನು ಸ್ವಲ್ಪ ಸ್ವಲ್ಪ ಕಡಿಯುವುವು. ಕುರುಡುಕರುಳಿಗೆ ಹಿತಕರವಾದ ಸೂಕ್ಷ್ಮಜೀವಿಗಳು ದೊರೆಯುವುದಕ್ಕೆ ಇದೂ ಒಂದು ಮಾರ್ಗ. ಆದುದರಿಂದ ಪೆಟ್ಟಿಗೆಯಲ್ಲಿ ತೇವವಾದ ಹಾಸನ್ನೂ ಸತ್ತ ಮರಿಯನ್ನೂ ತೆಗೆದುಹಾಕಬೇಕೇ ಹೊರತು, ಪ್ರತಿದಿನವೂ ಎಲ್ಲವನ್ನೂ ಬಳಿದು ತೊಳೆಯಬೇಕಾದುದಿಲ್ಲ.

೧೬ರಿಂದ ೨೧ನೆಯ ದಿನದೊಳಗೆ ಮರಿಗಳು ಪೆಟ್ಟಿಗೆಯಿಂದ ಹೊರಬಂದು ತಾಯಿಯ ಮೇವಿಗೆ ಬಾಯಿಹಾಕುವುವು. ಆಗ ನುಣ್ಣಗಿನ ಒಣಹುಲ್ಲನ್ನು ಮರಿಗಳ ಎತ್ತರಕ್ಕೆ ಸಿಕ್ಕುವಂತೆ ಸದಾ ಇಟ್ಟಿರತಕ್ಕದ್ದು. ಆಳವಿಲ್ಲದ ಭಾರವಾದ ಮಣ್ಣಿನ ಬಟ್ಟಲಲ್ಲಿ ಶುದ್ಧವಾದ ನೀರನ್ನಿಡಬೇಕು. ಆಳವಾದ ಪಾತ್ರೆಯಲ್ಲಿ ಮರಿಗಳು ಮುಳುಗುವ ಅಪಾಯವುಂಟು. ಹಗುರವಾದ ಪಾತ್ರೆಯು ಉರುಳಿ ಗೂಡೆಲ್ಲವೂ ತೇವವಾಗುವುದು. ೨೦ನೆಯ ದಿನದಲ್ಲಿ ಒಂದು ಮರಿಯು ತಿನ್ನುವ ಒಣ ಆಹಾರವು ಎರಡು ಗ್ರಾಮನ್ನು ಮೀರಲಾರದು. ಅಷ್ಟು ಅಲ್ಪವಾದರೂ ಜೀರ್ಣಾಂಗಗಳಿಗೆ ಅದೇ ಮೊದಲ ಪಾಠ.

ಈ ಸಮಯದಲ್ಲಿ ಎಲ್ಲಕ್ಕಿಂತ ಮುಖ್ಯವಾದ ನಿಯಮವೊಂದುಂಟು. ಮರಿಗಳು ಮೊದಲು ತಿನ್ನುವುದು ತಾಯಿಯ ಮೇವನ್ನೇ. ಆದಕಾರಣ ತಾಯಿಗೆ ಯಾವ ಹುಲ್ಲು, ಯಾವ ಸೊಪ್ಪು, ಯಾವ ಕೈತಿಂಡಿಯನ್ನು ಕೊಡಬೇಕೆಂಬುದನ್ನು ಈದ ೧೫ ದಿನಗಳೊಳಗಾಗಿ ನಿಶ್ಚಯಿಸಿ, ಅಂದಿನಿಂದ ಮರಿಗಳಿಗೆ ಎಂಟು ವಾರಗಳು ತುಂಬುವವರೆಗೂ ಅದೇ ಪದಾರ್ಥಗಳನ್ನೇ ಮುಂದುವರಿಸಬೇಕು. ಪ್ರಮಾಣವನ್ನು ಹೆಚ್ಚುಕಡಿಮೆ ಮಾಡಬಹುದು; ಪದಾರ್ಥವನ್ನು ಬದಲಾಯಿಸಕೂಡದು. ಅನಿವಾರ್ಯವಾಗಿ ಬದಲಾಯಿಸಬೇಕಾಗಿ ಬಂದರೆ, ಹಳೆಯದರಲ್ಲಿ ಹೊಸದನ್ನು ನಾಲ್ಕರಲ್ಲೊಂದು ಪಾಲು ಬೆರಸಿ, ಏಳೆಂಟು ದಿನಗಳಲ್ಲಿ ಕ್ರಮೇಣ ಪೂರ್ತಿಮಾಡತಕ್ಕದ್ದು.

೨೨ರಿಂದ ೩೫ನೆಯ ದಿನದವರೆಗೆ ಮರಿಗಳು ಹಾಲನ್ನೂ ಮೇವನ್ನೂ ಕೂಡಿಯೇ ಸೇವಿಸುವುವು. ಸುಮಾರು ೨೫ನೆಯ ದಿನದ ತರುವಾಯ ಮೇವಿನ ಪಾಲು ಹಾಲನ್ನು ಮೀರಲಾರಂಭಿಸುವುದು. ತಾಯಿಗೆ ವಾಡಿಕೆಯಾದ ಸೊಪ್ಪನ್ನು ನೆರಳಿನಲ್ಲಿ ಕೆಲವು ಗಂಟೆಗಳ ಕಾಲ ಬಾಡಿಸಿ, ಮರಿಗೊಂದೆರಡು ಎಲೆಗಳಂತೆ ಕೊಡಬಹುದು. ಇಬ್ಬನಿಯಿಂದಲೂ ಮಳೆಯಿಂದಲೂ ನೆನೆದ ಸೊಪ್ಪನ್ನೂ, ರಾಶಿಹಾಕಿದ್ದರಿಂದ ಬಿಸಿಯಾದ ಹುಲ್ಲನ್ನೂ ಮರಿಗಳ ಬಳಿಗೆ ತರಲಾಗದು. ಕೈತಿಂಡಿಯನ್ನು ಬೊಗಸೆಯಿಂದಲ್ಲ, ಚಮಚದಿಂದ ಅಳೆದು ಕೊಡಬೇಕು. ಚೆನ್ನಾಗಿ ಬೆಳೆದ ಮರಿಯು ಐದನೆಯ ವಾರದ ಕೊನೆಗೆ ದಿನಕ್ಕೆ ೪೦ರಿಂದ ೫೦ ಗ್ರಾಂ ಒಣ ಆಹಾರವನ್ನು ತಿನ್ನಬಲ್ಲುದು. ಆದರೆ ಅದರಲ್ಲಿ ಕೈತಿಂಡಿಯು ಅರ್ಧವನ್ನು ಮೀರದಂತೆ ನೋಡಿಕೊಳ್ಳುವುದು ಕ್ಷೇಮ.

ಹಾಲು ಬಿಡಿಸುವ ದಿನ

ಬಂಡವಾಳವನ್ನು ಹೂಡಿ ನಡೆಸುವ ದೊಡ್ಡ ಸಾಕಣೆಗಳಲ್ಲಿ ೨೮ರಿಂದ ೩೫ ದಿನಗಳಿಗೆ ಮರಿಗಳನ್ನು ಬೇರ್ಪಡಿಸುವ ವಾಡಿಕೆಯುಂಟು. ಅಲ್ಲಿ ಮೇವಿನ ಪದಾರ್ಥಗಳು ಅಳತೆಗೆ ಸರಿಯಾಗಿ ತಯಾರಾಗುವುವು. ಗ್ರಾಮದ ಹಿತ್ತಿಲಿನಲ್ಲಿ ಸಾಕುವವರು ೩೫ರಿಂದ ೪೨ ದಿನಗಳವರೆಗೆ ಕಾಯುವುದೇ ಲೇಸು. ಒಂದು ವಾರ ಮುಂಚಿತವಾಗಿ ತಾಯಿಯನ್ನು ಪುನಃ ಗಂಡಿಗೆ ಬಿಡುವ ಆತುರದಿಂದ ನಾಲ್ಕು ಮರಿಗಳನ್ನು ಕಳೆದುಕೊಳ್ಳುವುದು ಲಾಭವಲ್ಲ.

ಬೇರ್ಪಡಿಸುವ ದಿನ ತಾಯಿಯನ್ನು ಬೇರೆ ಗೂಡಿಗೆ ಸಾಗಿಸಿ, ಮರಿಗಳನ್ನು ಹುಟ್ಟಿದ ಗೂಡಿನಲ್ಲಿಯೇ ಬಿಡಬೇಕು. ತಾಯಿಯ ಅಗಲಿಕೆ, ಹೊಸ ಸ್ಥಳ, ಹೊಸ ಮೇವು ಇವು ಮೂರೂ ಒಂದೇ ದಿನ ಒದಗಿದರೆ ಮರಿಯು ತಡೆಯಲಾರದು. ಒಂದು ಸೂಲಿನ ಮರಿಗಳನ್ನು ಒಟ್ಟಿಗೆ ಇರಿಸಬೇಕು. ಬೇರೆ ಸೂಲಿನವುಗಳೊಡನೆ ಕೂಡಲೇ ಕಲಸಲಾಗದು. ಸಂತೆಯಲ್ಲಿ ಮಾರುವುದಾದರೂ ಹಾಲು ಬಿಡಿಸಿದ ಎರಡು ವಾರಗಳು ಕಳೆದ ಮೇಲೆಯೇ ಮಾರತಕ್ಕದ್ದು. ಕೊಳ್ಳುವವರಾದರೋ, ಮರಿಯೊಡನೆ ಅದು ತಿನ್ನುತ್ತಿದ್ದ ಮೇವನ್ನೂ ಒಂದು ವಾರಕ್ಕೆ ಸಾಲುವಷ್ಟು ಕೇಳಿ ತರುವುದು ಜಾಣತನ.

ಹಾಲು ಬಿಡಿಸಿದ ಮರಿಗೆ ಹೊಟ್ಟೆತುಂಬ ಕೈತಿಂಡಿ ಹಾಕಿ ಬೇಗ ಕೊಬ್ಬಿಸಬೇಕೆಂಬ ಅಭಿಪ್ರಾಯವು ಸರಿಯಾದುದಲ್ಲ. ಈ ವಿಷಯದಲ್ಲಿ ಫ್ರಾನ್ಸ್ ದೇಶದ ಅನುಭವವು ಗಮನಿಸತಕ್ಕದ್ದು. ೧೯೯೬ರ ಕೊನೆಯಲ್ಲಿ ಅಲ್ಲಿಯ ಮೊಲಸಾಕಣೆಗಳಲ್ಲಿ ಒಂದು ಹೊಸ ಬಗೆಯ ಕರುಳುಬೇನೆಯು ಕಾಣಿಸಿಕೊಂಡು, ಹಾಲು ಬಿಟ್ಟ ಮರಿಗಳು ಬಹಳವಾಗಿ ಸತ್ತುವು. ತರುವಾಯ ಆ ದೇಶದ ರಾಷ್ಟ್ರೀಯ ಕೃಷಿ ಸಂಶೋಧನ ಸಂಸ್ಥೆಯು ನಡೆಸಿದ ಪ್ರಯೋಗಗಳಿಂದ, ಹಾಲು ಬಿಡಿಸಿದ ಎರಡು ಮೂರು ವಾರಗಳವರೆಗೆ ಮರಿಯು ತಿನ್ನಬಲ್ಲುದರಲ್ಲಿ ಸುಮಾರು ಮುಕ್ಕಾಲು ಅಥವಾ ಐದರಲ್ಲಿ ನಾಲ್ಕು ಪಾಲನ್ನು ಮಾತ್ರ ಕೊಟ್ಟರೆ ಕರುಳಿನ ರೋಗವೂ ಸಾವೂ ಕಡಿಮೆಯಾಗುವುವೆಂದು ಗೊತ್ತಾಯಿತು. ಆ ಅವಧಿಯಲ್ಲಿ ಬೆಳವಣಿಗೆಯು ಕೊಂಚ ಕುಂದಿದರೂ, ತರುವಾಯ ಮೇವನ್ನು ಹೆಚ್ಚಿಸಿದಾಗ ಮರಿಗಳು ಬಹುಮಟ್ಟಿಗೆ ಅದನ್ನು ತುಂಬಿಕೊಳ್ಳುವುವು. ನಮ್ಮ ರೈತರು ಈ ತತ್ವವನ್ನು ಸುಲಭವಾಗಿ ಅನುಸರಿಸಬಹುದು. ಮಧ್ಯಮ ಗಾತ್ರದ ತಳಿಗಳಿಗೆ ಹಾಲು ಬಿಡಿಸಿದ ಮೊದಲ ವಾರದಲ್ಲಿ ದಿನಕ್ಕೆ ಮರಿಯೊಂದಕ್ಕೆ ೨೦ರಿಂದ ೨೫ ಗ್ರಾಂ, ಎರಡನೆಯ ವಾರದಲ್ಲಿ ೩೦ರಿಂದ ೩೫ ಗ್ರಾಂ, ಮೂರನೆಯ ವಾರದ ಕೊನೆಗೆ ೫೦ ಗ್ರಾಂ ಕೈತಿಂಡಿ ಸಾಕು. ಒಣಹುಲ್ಲಿಗೂ ನೀರಿಗೂ ಮಾತ್ರ ಎಂದಿಗೂ ಮಿತಿಯಿಲ್ಲ.

ಮೇವಿನ ಪದಾರ್ಥಗಳು

ಒಣಹುಲ್ಲಿಗೆ ಗರಿಕೆ ಮತ್ತು ಬದುಗಳ ನುಣ್ಣನೆಯ ಹುಲ್ಲು ಉತ್ತಮ. ಹೂಬಿಡುವ ಮುಂಚೆ ಕೊಯ್ದು, ಹಸುರು ಬಣ್ಣವು ಮಾಸದಂತೆ ಒಣಗಿಸಿ, ಮಳೆ ತಾಗದ ಅಟ್ಟದ ಮೇಲೆ ಇಡಬೇಕು. ಹುರುಳಿ, ಹಲಸಂದೆ ಮತ್ತು ನೆಲಗಡಲೆಯ ಬಳ್ಳಿಗಳನ್ನು ಚೆನ್ನಾಗಿ ಒಣಗಿಸಿಟ್ಟರೆ ಅವೂ ಒಳ್ಳೆಯ ಮೇವೇ. ಬೇರೇನೂ ಇಲ್ಲದಾಗ ರಾಗಿಯ ಹುಲ್ಲನ್ನು ಉಪಯೋಗಿಸಬಹುದು. ಬೂಷ್ಟು ಹಿಡಿದ ಹುಲ್ಲು ಯಾವುದೇ ಆಗಲಿ, ದನಕ್ಕೂ ಬೇಡ, ಮೊಲಕ್ಕಂತೂ ಬೇಡವೇ ಬೇಡ.

ಸೊಪ್ಪಿಗೆ ಕುದುರೆಮಸಾಲೆ, ಹಲಸಂದೆ, ಅಗಸೆ ಮತ್ತು ಹಿಪ್ಪುನೇರಳೆ ಒಳ್ಳೆಯವು. ರೇಷ್ಮೆಯ ಕಸುಬು ನಡೆಯುವ ಕೋಲಾರ, ರಾಮನಗರ, ಮಂಡ್ಯ ಮುಂತಾದ ಕಡೆಗಳಲ್ಲಿ ಹಿಪ್ಪುನೇರಳೆಯ ಸೊಪ್ಪು ಸುಲಭವಾಗಿ ಸಿಕ್ಕುವುದು. ಅದರಲ್ಲಿ ಸಸಾರಜನಕವು ವಿಶೇಷವಾಗಿದ್ದು, ಮೊಲಗಳು ಅದನ್ನು ಬಹಳ ಇಷ್ಟದಿಂದ ತಿನ್ನುವುವು. ಆದರೆ ಔಷಧಿಯನ್ನು ಸಿಂಪಡಿಸಿದ ತೋಟದ ಎಲೆಯನ್ನು ತರಕೂಡದು. ಹುಳುವಿನ ತಟ್ಟೆಗಳಲ್ಲಿ ಉಳಿದ ಎಲೆಗೆ ಸುಣ್ಣವೂ ಸೋಂಕುನಿವಾರಕ ಪುಡಿಯೂ ತಗುಲಿರುವುದರಿಂದ ಅದನ್ನೂ ಕೊಡಲಾಗದು. ಸುಬಾಬುಲ್ ಸೊಪ್ಪಿನಲ್ಲಿ ಕೂದಲನ್ನು ಉದುರಿಸುವ ವಿಷಾಂಶವಿರುವ ಕಾರಣ ಎಳೆಯ ಮರಿಗಳಿಗೆ ಅದು ತಕ್ಕುದಲ್ಲ. ಕಣಗಿಲೆ, ಲಂಟಾನ, ಹರಳು, ಬೆಣ್ಣೆಹಣ್ಣಿನ ಎಲೆ, ಮೊಳೆತ ಆಲೂಗಡ್ಡೆ ಇವು ವಿಷಕರವಾದುವು. ಕೋಸು, ಹೂಕೋಸು ಮುಂತಾದ ನೀರು ಹೆಚ್ಚಾಗಿರುವ ಅಡುಗೆಮನೆಯ ಎಲೆಗಳನ್ನು ಎಂಟು ವಾರಗಳು ತುಂಬುವವರೆಗೆ ಕೊಡದಿರುವುದೇ ಮೇಲು.

ಕೈತಿಂಡಿಯನ್ನು ಮನೆಯಲ್ಲಿಯೇ ಬೆರಸಿಕೊಳ್ಳುವವರು ನೂರು ಭಾಗಕ್ಕೆ ಗೋಧಿಯ ಬೂಸ ೩೮, ಒಣಗಿಸಿ ಪುಡಿಮಾಡಿದ ಕುದುರೆಮಸಾಲೆ ೩೫, ಮುಸುಕಿನ ಜೋಳದ ನುಚ್ಚು ೧೫, ಕಡಲೆಕಾಯಿ ಹಿಂಡಿ ೧೦, ಖನಿಜಗಳ ಮಿಶ್ರಣ ಒಂದೂವರೆ, ಉಪ್ಪು ಅರ್ಧ ಭಾಗದಂತೆ ಸೇರಿಸಬಹುದು. ಇದರಲ್ಲಿ ಸಸಾರಜನಕವು ಸುಮಾರು ನೂರಕ್ಕೆ ೧೬ ಅಥವಾ ೧೭, ನಾರು ಸುಮಾರು ೧೪ ಅಥವಾ ೧೫ ಇರುವುದು. ಪುಡಿಯು ಮೂಗಿಗೆ ಏರದಂತೆ ನೀರನ್ನು ಚಿಮುಕಿಸಿ ಉಂಡೆಗಟ್ಟಿಸಿ ಕೊಟ್ಟು, ಉಳಿದುದನ್ನು ಹುಳಿಯುವ ಮುಂಚೆ ತೆಗೆದುಬಿಡಬೇಕು. ಕಡಲೆಕಾಯಿ ಹಿಂಡಿಯ ವಿಷಯದಲ್ಲಿ ಎಚ್ಚರಿಕೆ ಅಗತ್ಯ. ಬೂಷ್ಟಿನಿಂದ ಹುಟ್ಟುವ ಅಫ್ಲಟಾಕ್ಸಿನ್ ಎಂಬ ವಿಷಕ್ಕೆ ಮೊಲದಷ್ಟು ಬೇಗ ಬಲಿಯಾಗುವ ಸಾಕುಪ್ರಾಣಿಗಳು ವಿರಳ. ಹೊಸದೂ ಒಣಗಿದುದೂ ಆದ ಹಿಂಡಿಯನ್ನೇ ತರಬೇಕು. ಕಮಟು ವಾಸನೆಯುಳ್ಳದ್ದನ್ನು ಗೊಬ್ಬರದ ಗುಂಡಿಗೆ ಹಾಕುವುದು ಲೇಸು.

ಮೊಲವು ಸ್ವಭಾವತಃ ಮುಸ್ಸಂಜೆಯಲ್ಲಿಯೂ ರಾತ್ರಿಯಲ್ಲಿಯೂ ಮೇಯುವ ಪ್ರಾಣಿ. ಆದಕಾರಣ ದಿನದ ಮೇವಿನ ಹೆಚ್ಚಿನ ಪಾಲನ್ನು ಸಂಜೆ ಹಾಕತಕ್ಕದ್ದು. ಬಿಸಿಲು ೩೦ ಡಿಗ್ರಿಯನ್ನು ದಾಟಿದರೆ ಮೊಲವು ಬಳಲಿ ಮೇವನ್ನು ಬಿಡುವುದು. ರಾಯಚೂರು, ಕಲಬುರಗಿ ಮುಂತಾದ ಬಯಲುಸೀಮೆಯ ಕಡು ಬೇಸಗೆಯಲ್ಲಿ ಹಾಲು ಬಿಡಿಸುವ ಕಾಲವು ಒದಗದಂತೆ ಮೊದಲೇ ಲೆಕ್ಕಹಾಕಿ ಗಂಡಿಗೆ ಬಿಡುವುದು ವಿವೇಕ.

ಗೂಡಿನ ಶುಚಿ

ಹಾಲು ಬಿಟ್ಟ ಮರಿಗಳನ್ನು ಕೊಲ್ಲುವ ಇನ್ನೊಂದು ರೋಗವು ಕಾಕ್ಸಿಡಿಯಾ ಎಂಬ ಸೂಕ್ಷ್ಮಾಣುಗಳಿಂದ ಬರುವುದು. ಇವು ಕರುಳಿನಲ್ಲಿಯೂ ಯಕೃತ್ತಿನಲ್ಲಿಯೂ ಬೆಳೆದು, ಅವುಗಳ ತತ್ತಿಗಳು ಹಿಕ್ಕೆಯೊಡನೆ ಹೊರಬೀಳುವುವು. ಹೊರಬಿದ್ದ ಕೂಡಲೇ ತತ್ತಿಯು ರೋಗವನ್ನು ಹರಡಲಾರದು. ತೇವವೂ ಶಾಖವೂ ದೊರೆತು ಸಾಮಾನ್ಯವಾಗಿ ಒಂದೆರಡು ದಿನಗಳಾದರೂ ಕಳೆಯಬೇಕು. ದಿನಕ್ಕೊಂದು ಸಾರಿ ಹಿಕ್ಕೆಯನ್ನು ಗುಡಿಸಿ ದೂರಮಾಡುವ ಮನೆಯಲ್ಲಿ ಈ ರೋಗವು ಕಡಿಮೆಯಾಗಿರುವುದಕ್ಕೆ ಇದೇ ಕಾರಣ. ಗೂಡಿನ ತಳವು ಜಾಲರಿಯದಾಗಿದ್ದು ಹಿಕ್ಕೆಯು ಕೆಳಗೆ ಬೀಳುವಂತಿರಬೇಕು. ಹುಲ್ಲನ್ನು ನೆಲದ ಮೇಲೆ ಎಸೆಯದೆ ಗೂಡಿನ ಪಕ್ಕದಲ್ಲಿ ಕಟ್ಟಿದ ಬುಟ್ಟಿಯಲ್ಲಿ ಇಡಬೇಕು. ಸಾಧಾರಣ ಸೋಂಕುನಿವಾರಕಗಳಿಂದ ಈ ತತ್ತಿಗಳು ಸಾಯುವುದಿಲ್ಲ. ಖಾಲಿ ಗೂಡನ್ನು ಕುದಿಯುವ ನೀರಿನಿಂದ ತೊಳೆಯಬೇಕು, ಇಲ್ಲವೆ ತಂತಿಯ ಭಾಗಗಳನ್ನು ಉರಿಯಿಂದ ಸುಡಬೇಕು.

ಅಪಾಯದ ಲಕ್ಷಣಗಳೂ ಉಪಚಾರವೂ

ಮರಿಯು ಮೂಲೆಯಲ್ಲಿ ಮುದುರಿ ಕುಳಿತು ಹಲ್ಲು ಕಡಿಯುವುದು, ಮೇವನ್ನು ಬಿಡುವುದು, ಹೊಟ್ಟೆ ಉಬ್ಬುವುದು, ಅಲುಗಾಡಿಸಿದರೆ ಹೊಟ್ಟೆಯಲ್ಲಿ ನೀರು ತುಳುಕುವ ಶಬ್ದವಾಗುವುದು, ಹಿಕ್ಕೆಯು ಸಣ್ಣದಾಗುವುದು ಅಥವಾ ನೀರಾಗಿ ಇಲ್ಲವೆ ಲೋಳೆಯಾಗಿ ಹೋಗುವುದು, ಇವು ಅಪಾಯದ ಲಕ್ಷಣಗಳು. ಇವುಗಳಲ್ಲಿ ಒಂದನ್ನು ಕಂಡರೂ ಆ ಮರಿಯನ್ನು ಬೇರೆ ಇಟ್ಟು, ಆ ಸೂಲಿನ ಎಲ್ಲ ಮರಿಗಳಿಗೂ ಕೈತಿಂಡಿಯನ್ನೂ ಹಸಿಸೊಪ್ಪನ್ನೂ ನಿಲ್ಲಿಸಿ, ಒಣಹುಲ್ಲು ಮತ್ತು ನೀರನ್ನು ಮಾತ್ರ ಕೊಡತಕ್ಕದ್ದು. ತಡಮಾಡದೆ ಸಮೀಪದ ಪಶುವೈದ್ಯರಿಗೆ ತೋರಿಸಬೇಕು. ಕಾಕ್ಸಿಡಿಯಾ ರೋಗಕ್ಕೆ ತಕ್ಕ ಔಷಧಿಗಳುಂಟು.

ಮನೆಯಲ್ಲಿರುವ ಮನುಷ್ಯರ ಮಾತ್ರೆಗಳನ್ನು ಅರೆದು ಕುಡಿಸುವುದು ಬಹಳ ಅಪಾಯಕರ. ಪೆನಿಸಿಲಿನ್, ಆಂಪಿಸಿಲಿನ್, ಅಮಾಕ್ಸಿಸಿಲಿನ್, ಲಿಂಕೊಮೈಸಿನ್, ಕ್ಲಿಂಡಮೈಸಿನ್ ಇವುಗಳನ್ನು ಬಾಯಿಯ ಮೂಲಕ ಕೊಟ್ಟರೆ ಮೊಲದ ಕುರುಡುಕರುಳಿನ ಹಿತಕರವಾದ ಸೂಕ್ಷ್ಮಜೀವಿಗಳು ನಾಶವಾಗಿ, ವಿಷಕಾರಿಯಾದವು ಮೇಲುಗೈ ಪಡೆದು, ಔಷಧಿಯಿಂದಲೇ ಮರಣವುಂಟಾಗಬಹುದು.

ತಾಯಿ ಸತ್ತ ಮರಿಗಳು

ತಾಯಿಯು ಸತ್ತಲ್ಲಿ, ಒಂದೆರಡು ದಿನಗಳ ಅಂತರದಲ್ಲಿ ಈದ ಇನ್ನೊಂದು ಹೆಣ್ಣುಮೊಲದ ಪೆಟ್ಟಿಗೆಯಲ್ಲಿ ಮರಿಗಳನ್ನಿಟ್ಟು, ಅದರ ತುಪ್ಪಳವನ್ನು ಮೇಲೆ ಮುಚ್ಚುವುದೇ ಉತ್ತಮವಾದ ಉಪಾಯ. ಹೆಚ್ಚಿನ ತಾಯಿಗಳು ಇಂಥ ಮರಿಗಳನ್ನು ಸ್ವೀಕರಿಸುವುವು. ಎರಡು ಮೂರು ಮೊಲಗಳನ್ನು ಒಂದೇ ದಿನ ಗಂಡಿಗೆ ಬಿಡುವ ಪದ್ಧತಿಯಿದ್ದರೆ ಇದು ಸುಲಭವಾಗುವುದು. ಹಸುವಿನ ಹಾಲನ್ನು ಹಾಗೆಯೇ ಕುಡಿಸಿ ಬದುಕಿಸುವುದು ಕಷ್ಟಸಾಧ್ಯ. ಮೂರು ವಾರಗಳು ತುಂಬಿದ್ದು, ಮೇವಿಗೆ ಬಾಯಿಹಾಕಲು ಕಲಿತ ಮರಿಗಳಾದರೆ, ನುಣ್ಣನೆಯ ಹುಲ್ಲು, ನೀರು, ವಾಡಿಕೆಯ ಕೈತಿಂಡಿ ಇವುಗಳಿಂದ ಬದುಕುವ ಸಂಭವವುಂಟು. ಬೆಚ್ಚಗಿನ ಸ್ಥಳವೂ ಎಚ್ಚರವೂ ಅವಕ್ಕೆ ಇಮ್ಮಡಿಯಾಗಿ ಬೇಕು.

ಗ್ರಾಮದ ಮುಖಂಡರು ಮಾಡಬಹುದಾದ ಕಾರ್ಯ

ಒಂದು ಸೂಲಿನ ಲೆಕ್ಕವನ್ನು ನೋಡಿದರೆ ಈ ವಿಷಯದ ಮಹತ್ವವು ಸ್ಪಷ್ಟವಾಗುವುದು. ಏಳು ಮರಿಗಳಲ್ಲಿ ಮೂರು ಆರನೆಯ ವಾರದಲ್ಲಿ ಸತ್ತುವೆಂದು ಭಾವಿಸೋಣ. ತಾಯಿಯ ಒಂದು ತಿಂಗಳ ಗರ್ಭಕಾಲದ ಮೇವು, ಆರು ವಾರಗಳ ಹಾಲೂಡುವ ಕಾಲದ ಮೇವು, ಗೂಡಿನ ಖರ್ಚು, ಮನೆಯವರ ದುಡಿಮೆ ಎಲ್ಲವೂ ಏಳು ಮರಿಗಳಿಗೂ ಆಗಲೇ ವೆಚ್ಚವಾಗಿರುವುದು. ಉಳಿದ ನಾಲ್ಕು ಮರಿಗಳೇ ಆ ಭಾರವನ್ನೆಲ್ಲ ಹೊರಬೇಕು. ಹುಟ್ಟಿದ ದಿನ ಸತ್ತ ಮರಿಗಿಂತ ಆರನೆಯ ವಾರದಲ್ಲಿ ಸತ್ತ ಮರಿಯ ನಷ್ಟವು ಬಹಳ ಹೆಚ್ಚು. ಈ ಕಸುಬನ್ನು ಗ್ರಾಮಗಳಲ್ಲಿ ಬಹುಮಟ್ಟಿಗೆ ನಡೆಸುವವರು ಹೆಂಗಸರೂ ಅಲ್ಪ ಜಮೀನುಳ್ಳವರೂ ಆದುದರಿಂದ, ಎರಡು ಸೂಲುಗಳು ಕೆಟ್ಟರೆ ಅವರ ಕೈಯ ಮೂಲಧನವೇ ಕರಗುವುದು.

ಆದಕಾರಣ ಸಾಕುವವರೆಲ್ಲರೂ ಒಂದು ಪುಸ್ತಕದಲ್ಲಿ ಈದ ತಾರೀಖು, ಹುಟ್ಟಿದ ಮರಿಗಳ ಸಂಖ್ಯೆ, ೨೧ನೆಯ ದಿನದಲ್ಲಿ ಇದ್ದವು, ಹಾಲು ಬಿಡಿಸಿದ ದಿನದಲ್ಲಿ ಇದ್ದವು, ಎಂಟು ವಾರಗಳು ತುಂಬಿದಾಗ ಉಳಿದವು, ಮೇವಿನಲ್ಲಿ ಆದ ಬದಲಾವಣೆ ಇಷ್ಟನ್ನು ಬರೆದಿಡುವಂತೆ ಮುಖಂಡರು ಪ್ರೇರಿಸಬೇಕು. ಸಾವು ಮೂರು ವಾರಗಳೊಳಗೆ ಆಗುತ್ತಿದ್ದರೆ ತಾಯಿಯ ಹಾಲು ಅಥವಾ ಪೆಟ್ಟಿಗೆಯಲ್ಲಿ ದೋಷವನ್ನು ಹುಡುಕಬೇಕು; ಐದು ವಾರಗಳ ಮೇಲೆ ಆಗುತ್ತಿದ್ದರೆ ಮೇವಿನಲ್ಲಿಯೂ ಗೂಡಿನ ಶುಚಿಯಲ್ಲಿಯೂ ಹುಡುಕಬೇಕು. ಜಮೀನುದಾರರು ಬಾವಿಯ ಬಳಿ ಒಂದೆರಡು ಗುಂಟೆಯಲ್ಲಿ ಕುದುರೆಮಸಾಲೆಯನ್ನೋ ಹಿಪ್ಪುನೇರಳೆಯನ್ನೋ ಬೆಳೆದು ನೆರೆಯವರಿಗೂ ಒದಗಿಸಿದರೆ, ದಿನಕ್ಕೊಂದು ಬಗೆಯ ಸೊಪ್ಪನ್ನು ಹುಡುಕಿ ತರುವ ತೊಂದರೆಯು ತಪ್ಪಿ, ಮೇವು ಸ್ಥಿರವಾಗುವುದು. ಒಳ್ಳೆಯ ತಳಿಯ ಮೊಲಗಳು ಬೇಕಾದವರು ರಾಜಸ್ಥಾನದ ಅವಿಕಾನಗರದಲ್ಲಿರುವ ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಗೆ ಸೇರಿದ, ತಮಿಳುನಾಡಿನ ಕೊಡೈಕೆನಾಲ್ ಬೆಟ್ಟಗಳ ಮನ್ನವನೂರು ಕೇಂದ್ರದಲ್ಲಿ ವಿಚಾರಿಸಬಹುದು. ಆದರೆ ಮೊಲಗಳನ್ನು ತರುವ ಮುಂಚೆ ಹುಲ್ಲನ್ನು ಒಣಗಿಸಿ ಅಟ್ಟದಲ್ಲಿಟ್ಟಿರಬೇಕು, ಮಾರುಕಟ್ಟೆಯನ್ನೂ ಗೊತ್ತುಮಾಡಿಕೊಂಡಿರಬೇಕು.

ಮೇಲೆ ಹೇಳಿದುದರ ಸಾರಾಂಶವಿಷ್ಟು: ೧೫ ದಿನಗಳವರೆಗೆ ತಾಯಿಯ ಹಾಲು ಮಾತ್ರ, ತರುವಾಯ ಒಣಹುಲ್ಲೂ ನೀರೂ ಮೊದಲು, ಬಾಡಿಸಿದ ಸೊಪ್ಪು ಅನಂತರ, ಕಾಳು ಕಡೆಯಲ್ಲಿ ಮತ್ತು ಅಳತೆಯಿಂದ, ಹಾಲು ಬಿಡಿಸುವುದು ೩೫ ದಿನಗಳ ಮೇಲೆ, ಬಿಡಿಸಿದ ದಿನ ಮೇವನ್ನೂ ಗೂಡನ್ನೂ ಬದಲಾಯಿಸಕೂಡದು, ಬಿಡಿಸಿದ ಮೂರು ವಾರಗಳವರೆಗೆ ಕೈತಿಂಡಿಗೆ ಮಿತಿ. ಇದಕ್ಕೆ ಹೆಚ್ಚು ಹಣವೇನೂ ಬೇಕಾಗಿಲ್ಲ. ಪ್ರತಿ ಸಂಜೆ ಗೂಡಿನ ಮುಂದೆ ಕಾಲುಗಂಟೆ ನಿಂತು ನೋಡುವ ಅಭ್ಯಾಸವೂ, ಕಾಳಿನ ಡಬ್ಬಿಯ ಕಡೆಗೆ ಹೋಗುವ ಕೈಯನ್ನು ತಡೆಯುವ ತಾಳ್ಮೆಯೂ ಇದ್ದರೆ ಸಾಕು.